ತೂಕ ಎತ್ತುವಾಕಿಗೆ ಜಿಮ್‌ನಲ್ಲಿ ಜಾಗ ಎಲ್ಲಿದೆ?

ತುಂಬಿದ ಗ್ಯಾಸ್ ಸಿಲಿಂಡರಿನ ತೂಕ ಹೆಚ್ಚುಕಡಿಮೆ 30 ಕೆ.ಜಿ. ಒಳಗಿನ ಅನಿಲ 14.2 ಕೆ.ಜಿ., ಮಿಕ್ಕಿದ್ದು ಉಕ್ಕಿನ ಭಾರ. ಹುಬ್ಬಳ್ಳಿಯ ಓಣಿಗಳಲ್ಲಿ ಅದನ್ನು ಹೊಸ್ತಿಲಿನಿಂದ ಅಡುಗೆಮನೆಯ ಮೂಲೆಗೆ ಹೊರಳಿಸಿಕೊಂಡು ಒಯ್ಯುವಾಕೆ ಬಹಳಷ್ಟು ಸಲ ಮನೆಯ ಹೆಣ್ಣುಮಗಳೇ. ದಿನಗಟ್ಟಲೆ ಕಾದ ಮೇಲೆ ನಳ ಬಂದಾಗ 15 ಲೀಟರಿನ ಕೊಡವನ್ನು ಟೊಂಕದ ಮೇಲಿಟ್ಟುಕೊಂಡು ಒಂದು ತಾಸಿನೊಳಗೆ ಹತ್ತಾರು ಸಲ ಓಡಾಡುವಾಕೆಯೂ ಅವಳೇ. ಅದೇ ಹೆಣ್ಣುಮಗಳು ಜಿಮ್ ಸೇರಿದ ಮೊದಲ ದಿನ ಕೈಗೆ ಸಿಗುವುದು ಹೆಚ್ಚಾಗಿ ಗುಲಾಬಿ ಬಣ್ಣದ 2 ಕೆ.ಜಿ. ಡಂಬೆಲ್. "ಅಕ್ಕಾರ, ಭಾಳ ವಜ್ಜಿ ಬ್ಯಾಡ, ನಿಮಗ ಇಷ್ಟ ಸಾಕು" ಎನ್ನುವ ಟ್ರೇನರ್ ಹುಡುಗನ ಮಾತಿನಲ್ಲಿ ಕಾಳಜಿ ಇದೆ, ಗೌರವವೂ ಇದೆ. ಆದರೆ ಎದುರಿಗೆ ನಿಂತವಳು ದಿನಾಲೂ ಎಷ್ಟು ಎತ್ತುತ್ತಾಳೆ ಎಂಬ ಲೆಕ್ಕ ಅದರಲ್ಲಿಲ್ಲ.

ಹುಬ್ಬಳ್ಳಿ-ಧಾರವಾಡದಲ್ಲಿ ಜಿಮ್‌ಗೆ ಹೋಗುವ ಹೆಣ್ಣುಮಕ್ಕಳು ಈಗ ಅಪರೂಪವಲ್ಲ. ಉಣಕಲ್ ಕೆರೆಯ ದಂಡೆ, ನೃಪತುಂಗ ಬೆಟ್ಟ, ಧಾರವಾಡದ ಕರ್ನಾಟಕ ಕಾಲೇಜು ಮೈದಾನ, ಎಲ್ಲೆಡೆ ನಸುಕಿನಲ್ಲೇ ನಡೆಯುವವರಿದ್ದಾರೆ. ಗದಗ, ಹಾವೇರಿಯಲ್ಲೂ "ಲೇಡೀಸ್ ಬ್ಯಾಚ್" ಬೋರ್ಡುಗಳು ಬಂದಿವೆ. ಇಷ್ಟಾದರೂ ಬಾಗಿಲು ದಾಟಿ ಒಳಗೆ ಬಂದವಳನ್ನು ಜಿಮ್ ಏನೆಂದು ನೋಡುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಈಗಂತೂ ಆಕೆಯನ್ನು ತೂಕ ಇಳಿಸಿಕೊಳ್ಳಲು ಬಂದವಳೆಂದೇ ನೋಡುತ್ತಾರೆ. ತೂಕ ಎತ್ತಲು ಬಂದವಳೆಂದು ನೋಡುವ ಕಡೆ ಮಾತ್ರ ಸಬಲೀಕರಣ ಎಂಬ ಮಾತಿಗೆ ಅರ್ಥ ಬರುತ್ತದೆ.

ಜಿಮ್ ಮುಂದಿನ ಫ್ಲೆಕ್ಸನ್ನೇ ನೋಡಿ. ಗಂಡಸಿನ ಚಿತ್ರ ಬಾರ್ಬೆಲ್ ಎತ್ತುತ್ತಿರುತ್ತದೆ. ಹೆಂಗಸಿನ ಚಿತ್ರ ಸೊಂಟದ ಸುತ್ತ ಅಳತೆಯ ಟೇಪು ಸುತ್ತಿಕೊಂಡು ನಗುತ್ತಿರುತ್ತದೆ. ಒಬ್ಬನಿಗೆ ಕೆಲಸ, ಇನ್ನೊಬ್ಬಳಿಗೆ ಅಳತೆ. ಪಕ್ಕದಲ್ಲಿ "ಮೊದಲು-ನಂತರ" ಎಂಬ ಜೋಡಿ ಫೋಟೋ. ಇಂಥ ಫೋಟೋಗಳಲ್ಲಿ ದೇಹ ಬದಲಾದದ್ದು ಎಷ್ಟು, ಬೆಳಕು ಬದಲಾದದ್ದು ಎಷ್ಟು ಎಂದು ಹೇಳುವುದು ಕಷ್ಟ. ಊಟವಾದ ಮೇಲೆ ಹೊಟ್ಟೆ ಸಡಿಲಬಿಟ್ಟು ತೆಗೆದ ಚಿತ್ರಕ್ಕೂ ಬರಿಹೊಟ್ಟೆಯಲ್ಲಿ ಉಸಿರು ಎಳೆದು ನಿಂತು ತೆಗೆದ ಚಿತ್ರಕ್ಕೂ ಒಂದೇ ದಿನದಲ್ಲಿ ಸಾಕಷ್ಟು ಅಂತರ ತೋರಿಸಬಹುದು. ಜೊತೆಗೆ, ಸೇರುವಾಗ ಸಹಿ ಹಾಕಿಸುವ ಫಾರ್ಮಿನ ಕೆಳಗೆ ಸಣ್ಣ ಅಕ್ಷರದಲ್ಲಿ ಫೋಟೋ ಬಳಸಲು ಒಪ್ಪಿಗೆ ಎಂಬ ಸಾಲು ಇರಬಹುದು. ಅದನ್ನು ಗೆರೆ ಎಳೆದು ಹೊಡೆದುಹಾಕಿ ಸಹಿ ಮಾಡಲು ಅಡ್ಡಿಯಿಲ್ಲ. ಫೋಟೋಗೆ ಬೇರೆಯೇ ಒಪ್ಪಿಗೆ ಪತ್ರ ಕೇಳುವುದು ಸರಿಯಾದ ಪದ್ಧತಿ.

ಹೆಣ್ಣಿನ ದೇಹಕ್ಕೆ ಭಾರ ಒಗ್ಗದು ಎಂಬ ನಂಬಿಕೆ ನಮ್ಮೂರಿನದಷ್ಟೇ ಅಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರು ಮೊದಲ ಸಲ 800 ಮೀಟರ್ ಓಡಿದರು. ಓಟ ಮುಗಿಸಿದವರು ದಣಿದದ್ದನ್ನೇ ನೆಪ ಮಾಡಿ ಆ ಸ್ಪರ್ಧೆಯನ್ನು ತೆಗೆದುಹಾಕಿದರು, ಮತ್ತೆ ಬಂದದ್ದು 1960ರಲ್ಲಿ. ಮಹಿಳೆಯರ ವೇಟ್‌ಲಿಫ್ಟಿಂಗ್ ಒಲಿಂಪಿಕ್ಸ್ ಸೇರಿದ್ದು 2000ದಲ್ಲಿ, ಸಿಡ್ನಿಯಲ್ಲಿ. ಅದೇ ವರ್ಷ ಆಂಧ್ರದ ಕರ್ಣಂ ಮಲ್ಲೇಶ್ವರಿ 69 ಕೆ.ಜಿ. ವಿಭಾಗದಲ್ಲಿ ಒಟ್ಟು 240 ಕೆ.ಜಿ. ಎತ್ತಿ ಕಂಚು ತಂದರು. ಒಲಿಂಪಿಕ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಆಕೆ, ಗೆದ್ದದ್ದು ಭಾರ ಎತ್ತಿ. ಟೋಕಿಯೊದಲ್ಲಿ ಮೀರಾಬಾಯಿ ಚಾನು 49 ಕೆ.ಜಿ. ವಿಭಾಗದಲ್ಲಿ ಕ್ಲೀನ್ ಆಂಡ್ ಜರ್ಕ್ (ಭಾರವನ್ನು ಮೊದಲು ಹೆಗಲಿಗೆ, ಆಮೇಲೆ ತಲೆಯ ಮೇಲಕ್ಕೆ ಎತ್ತುವ ಬಗೆ) ಒಂದರಲ್ಲೇ 115 ಕೆ.ಜಿ. ಎತ್ತಿದರು, ಅಂದರೆ ತಮ್ಮ ಮೈತೂಕದ ಎರಡು ಪಟ್ಟಿಗೂ ಮಿಗಿಲು. ನಮ್ಮ ಕಡೆಯ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು, ಜೋಳದ ಚೀಲ ಎತ್ತುವ ಪಂದ್ಯಗಳು ಗಂಡಸರ ಪಾಲಿಗೇ ಉಳಿದವು. ಗರಡಿಮನೆಯ ಮಣ್ಣನ್ನು ಹೆಣ್ಣುಮಕ್ಕಳು ತುಳಿಯುವಂತಿರಲಿಲ್ಲ. ಈಗ ಗದಗ, ಹಾವೇರಿ, ಧಾರವಾಡದ ಹುಡುಗಿಯರು ಮ್ಯಾಟ್ ಮೇಲೆ ಕುಸ್ತಿ ಹಿಡಿಯುತ್ತಿದ್ದಾರೆ. ಅವರಿಗೆ ಸಿಕ್ಕ ತರಬೇತಿಯ ಒಂದು ಪಾಲಾದರೂ ಕೇಶ್ವಾಪುರದ ಬ್ಯಾಂಕ್ ನೌಕರಳಿಗೆ, ಬೆಟಗೇರಿಯ ಗೃಹಿಣಿಗೆ ಸಿಗಬೇಡವೇ?

"ವಜ್ಜಿ ಎತ್ತಿದ್ರ ಗಂಡಸರಗತೆ ಆಗ್ತೀನಿ" ಎಂಬ ಅಂಜಿಕೆ ಮೊದಲು ಹೋಗಬೇಕು. ಸ್ನಾಯು ದಪ್ಪವಾಗುವುದರಲ್ಲಿ ಟೆಸ್ಟೋಸ್ಟಿರಾನ್ ಹಾರ್ಮೋನಿನ ಪಾತ್ರ ದೊಡ್ಡದು. ಪ್ರಾಯದ ಗಂಡಸಿನ ರಕ್ತದಲ್ಲಿ ಅದು ಹೆಂಗಸಿಗಿಂತ ಸುಮಾರು 15 ಪಟ್ಟು ಹೆಚ್ಚಿರುತ್ತದೆ. ವಾರಕ್ಕೆ ಎರಡು-ಮೂರು ದಿನ ಭಾರ ಎತ್ತುವ ಹೆಂಗಸಿಗೆ ಮೊದಲ ತಿಂಗಳುಗಳಲ್ಲಿ ಬರುವ ಶಕ್ತಿಯ ಬಹುಪಾಲು ಮಿದುಳು ಮತ್ತು ನರಗಳು ಸ್ನಾಯುವನ್ನು ಬಳಸುವುದು ಕಲಿತದ್ದರಿಂದ ಬರುತ್ತದೆ, ತೋಳಿನ ಸುತ್ತಳತೆಯಿಂದಲ್ಲ. ಇನ್ನೊಂದು ತಪ್ಪು ನಂಬಿಕೆ, ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬೇ ಕರಗುತ್ತದೆ ಎಂಬುದು. ಕೊಬ್ಬು ಎಲ್ಲಿಂದ ಮೊದಲು ಇಳಿಯಬೇಕೆಂದು ದೇಹವೇ ತೀರ್ಮಾನಿಸುತ್ತದೆ. ದಿನಕ್ಕೆ 200 ಕ್ರಂಚ್ (ಮಲಗಿ ತಲೆ, ಹೆಗಲು ಎತ್ತುವುದು) ಹೊಡೆಸುವ ಟ್ರೇನರ್ ಆಕೆಯ ಕುತ್ತಿಗೆಯನ್ನು ನೋಯಿಸುತ್ತಿದ್ದಾನೆ, ಅಷ್ಟೇ.

ಭಾರ ಬೇಕಾದ ದೊಡ್ಡ ಕಾರಣ ಮೂಳೆ. ಮೂಳೆಯ ಗಟ್ಟಿತನ 30ರ ಆಸುಪಾಸಿನವರೆಗೆ ಕೂಡುತ್ತ ಹೋಗಿ ಆಮೇಲೆ ಮೆಲ್ಲಗೆ ಇಳಿಯುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕಡಿಮೆಯಾಗಿ ಇಳಿತ ಜೋರಾಗುತ್ತದೆ. ನಡಿಗೆ ಹೃದಯಕ್ಕೆ ಒಳ್ಳೆಯದು, ಮೂಳೆಗೆ ಅದೊಂದೇ ಸಾಲದು. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದವರು ಮುಟ್ಟು ನಿಂತ, ಮೂಳೆ ಸಾಂದ್ರತೆ ಕಡಿಮೆಯಿದ್ದ ಹೆಂಗಸರಿಂದ ವಾರಕ್ಕೆ ಎರಡು ದಿನ, ತಲಾ 30 ನಿಮಿಷ, 8 ತಿಂಗಳ ಕಾಲ ಡೆಡ್‌ಲಿಫ್ಟ್ (ನೆಲದ ಮೇಲಿನ ಭಾರ ಹಿಡಿದು ಎದ್ದು ನಿಲ್ಲುವುದು), ಸ್ಕ್ವಾಟ್ (ಭಾರ ಹೊತ್ತು ಕುಳಿತೇಳುವುದು), ಓವರ್‌ಹೆಡ್ ಪ್ರೆಸ್ (ಭಾರವನ್ನು ತಲೆಯ ಮೇಲಕ್ಕೆ ಒತ್ತುವುದು) ಮಾಡಿಸಿದರು. ನಿಜವಾದ ಭಾರದಿಂದ, ತಲಾ 5 ಸಲದ 5 ಸೆಟ್ (ಸುತ್ತು), ತಜ್ಞರ ಕಣ್ಣೆದುರೇ. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಅವರ ಬೆನ್ನುಮೂಳೆಯ ಸಾಂದ್ರತೆ ಏರಿತ್ತು, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದ ಗುಂಪಿನದು ಇಳಿದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ವಾರಕ್ಕೆ 150ರಿಂದ 300 ನಿಮಿಷದ ಚಟುವಟಿಕೆಯ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು ಎನ್ನುತ್ತದೆ. ಲೇಡೀಸ್ ಬ್ಯಾಚೆಂದರೆ ಬರೀ ಜುಂಬಾ ಕುಣಿತ ಎಂದುಕೊಂಡ ಜಿಮ್‌ಗಳು ಈ ಎರಡನೆಯ ಅರ್ಧವನ್ನು ಕೈಬಿಟ್ಟಿವೆ.

ಸಲಕರಣೆಗಳ ಕಡೆ ಬಂದರೆ ತಾರತಮ್ಯ ಕಣ್ಣಿಗೇ ಕಾಣುತ್ತದೆ. ಐದಡಿ ಎತ್ತರದ ಹೆಣ್ಣುಮಗಳು, ತಲೆಯ ಮೇಲಿನ ಸಲಾಕೆಯನ್ನು ಎದೆಯವರೆಗೆ ಎಳೆಯುವ ಲ್ಯಾಟ್ ಪುಲ್‌ಡೌನ್ ಯಂತ್ರದ ಮೇಲೆ ಕುಳಿತರೆ ಬೆರಳ ತುದಿಯಷ್ಟೇ ನೆಲ ಮುಟ್ಟುತ್ತದೆ, ತೊಡೆಯ ಮೇಲಿನ ಪ್ಯಾಡ್ ಎಷ್ಟು ಇಳಿಸಿದರೂ ನಡುವೆ ನಾಲ್ಕು ಬೆರಳು ಜಾಗ ಉಳಿಯುತ್ತದೆ. ಭಾರ ಎಳೆದಾಗ ಮೈಯೇ ಮೇಲೇಳುತ್ತದೆ. ಆಕೆಗೆ ಶಕ್ತಿ ಸಾಲದು ಎಂದು ನೋಡುವವರು ಅಂದುಕೊಳ್ಳುತ್ತಾರೆ. ಕಾಲ ಕೆಳಗೆ 10 ಕೆ.ಜಿ.ಯ ಎರಡು ರಬ್ಬರ್ ಪ್ಲೇಟ್ ಮಲಗಿಸಿದರೆ ಪಾದ ಊರುತ್ತದೆ, ತೊಡೆ ಪ್ಯಾಡಿಗೆ ತಾಗುತ್ತದೆ, ತೊಂದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಕುಳಿತು ಮೊಣಕಾಲು ಚಾಚಿ ಭಾರ ಎತ್ತುವ ಲೆಗ್ ಎಕ್ಸ್‌ಟೆನ್ಶನ್‌ನಲ್ಲಿ ಯಂತ್ರದ ತಿರುಗುಕೀಲು ಮೊಣಕಾಲಿನ ಕೀಲಿನ ನೇರಕ್ಕೆ ಇರಬೇಕು. ಗಿಡ್ಡ ತೊಡೆಯವಳು ಬೆನ್ನಿಗೆ ಆಸರೆ ಬಿಟ್ಟು ಮುಂದೆ ಜಾರಿ ಕುಳಿತರೆ ಸೊಂಟ ನೋಯುತ್ತದೆ, ಹಿಂದೆ ಕುಳಿತರೆ ಮೊಣಕಾಲು. ಬೆನ್ನ ಹಿಂದೆ ಒಂದು ಗಟ್ಟಿ ದಿಂಬು ಇಡಬೇಕು.

ಬಾರ್ಬೆಲ್‌ನದೂ ಇದೇ ಕಥೆ. ಸ್ಪರ್ಧೆಯ ಮಟ್ಟದ ಗಂಡಸರ ಬಾರ್ 20 ಕೆ.ಜಿ., 28 ಮಿ.ಮೀ. ದಪ್ಪ, 220 ಸೆಂ.ಮೀ. ಉದ್ದ. ಹೆಂಗಸರದು 15 ಕೆ.ಜಿ., 25 ಮಿ.ಮೀ., 201 ಸೆಂ.ಮೀ. ಮೂರು ಮಿಲಿಮೀಟರ್ ಅಂತರ ಕೇಳಲು ಏನೂ ಅಲ್ಲ, ಸಣ್ಣ ಅಂಗೈಗೆ ಅದು ಹಿಡಿತ ಸಿಗುವುದಕ್ಕೂ ಜಾರುವುದಕ್ಕೂ ಇರುವ ಅಂತರ. ಬೆನ್ನು ಇನ್ನೂ ಎತ್ತಬಲ್ಲದು, ಬೆರಳು ಬಿಟ್ಟುಕೊಡುತ್ತವೆ. ನಮ್ಮೂರ ಜಿಮ್‌ಗಳಲ್ಲಿ 15 ಕೆ.ಜಿ.ಯ ಬಾರ್ ಹುಡುಕಿದರೂ ಸಿಗುವುದು ಕಷ್ಟ. ಡಂಬೆಲ್‌ಗಳಲ್ಲಿ ಇದಕ್ಕಿಂತ ದೊಡ್ಡ ತೊಡಕು ಇದೆ. ರ‍್ಯಾಕ್ ಮೇಲೆ 2.5, 5, 7.5, 10 ಎಂದು ಜೋಡಿಸಿರುತ್ತಾರೆ. 20ರಿಂದ 22.5ಕ್ಕೆ ಹೋಗುವ ಗಂಡಸಿಗೆ ಅದು ಶೇ. 12.5ರ ಏರಿಕೆ. 5ರಿಂದ 7.5ಕ್ಕೆ ಹೋಗುವ ಹೆಣ್ಣುಮಗಳಿಗೆ ಶೇ. 50. ಹೆಗಲಿನ ವ್ಯಾಯಾಮದಲ್ಲಿ ಇಷ್ಟು ದೊಡ್ಡ ಜಿಗಿತ ಆಗದ ಮಾತು, ಹೀಗಾಗಿ ಆಕೆ 5ರಲ್ಲೇ ವರ್ಷಗಟ್ಟಲೆ ನಿಲ್ಲುತ್ತಾಳೆ. ಆಮೇಲೆ "ಹೆಣ್ಣುಮಕ್ಕಳು ಮುಂದ ಹೋಗೂದಿಲ್ರಿ" ಎಂಬ ಮಾತು. ಅರ್ಧ, ಒಂದು ಕೆ.ಜಿ.ಯ ಸಣ್ಣ ಪ್ಲೇಟುಗಳು ಅಥವಾ ಡಂಬೆಲ್ ಹಿಡಿಕೆಯ ಸುತ್ತ ಕಟ್ಟಬಹುದಾದ ಅರ್ಧ ಕೆ.ಜಿ.ಯ ಪಟ್ಟಿ ಇದ್ದರೆ ಸಾಕು. ಜಿಮ್ ಮಾಲೀಕರಿಗೆ ಒಂದು ಟ್ರೆಡ್‌ಮಿಲ್ಲಿನ ರಿಪೇರಿಗಿಂತ ಹೆಚ್ಚು ಖರ್ಚು ಬರುವುದಿಲ್ಲ.

ಹೊಸಬಳಿಗೆ ಆರಂಭ ಹೇಗಿರಬೇಕು? ವಾರಕ್ಕೆ ಎರಡು ದಿನ, ನಡುವೆ ಎರಡು ದಿನ ಬಿಡುವು, ಐದೇ ವ್ಯಾಯಾಮ. ಮೊದಲನೆಯದು ಗಾಬ್ಲೆಟ್ ಸ್ಕ್ವಾಟ್. 5 ಕೆ.ಜಿ.ಯ ಒಂದು ಡಂಬೆಲ್ಲನ್ನು ಎದೆಗೆ ಅವಚಿಕೊಂಡು, ಹಿಂದೆ ಬೆಂಚ್ ಇಟ್ಟು, ಅದನ್ನು ಮುಟ್ಟಿ ಏಳುವುದು. ಮೊಣಕಾಲು ಒಳಗೆ ಬಾಗುತ್ತಿದ್ದರೆ ಭಾರ ಇಳಿಸಬೇಕು, ಪಾದದ ಹೆಬ್ಬೆರಳು, ಕಿರುಬೆರಳು, ಹಿಮ್ಮಡಿ ಮೂರೂ ನೆಲಕ್ಕೆ ಊರಬೇಕು. ಎರಡನೆಯದು ರೊಮೇನಿಯನ್ ಡೆಡ್‌ಲಿಫ್ಟ್. ಎರಡು ಕೈಯಲ್ಲಿ ತಲಾ 5 ಕೆ.ಜಿ. ಹಿಡಿದು, ಮೊಣಕಾಲು ತುಸು ಸಡಿಲಿಸಿ, ಹಿಂದಿನ ಗೋಡೆಗೆ ಹಿಂಭಾಗ ತಾಗಿಸುವವರಂತೆ ಸೊಂಟವನ್ನು ಹಿಂದೆ ತಳ್ಳುವುದು. ಬೆನ್ನು ಹಲಗೆಯಂತೆ ನೇರ. ಇದು ಬರುತ್ತಿಲ್ಲವೆಂದರೆ ತಲೆ, ಬೆನ್ನು, ಸೊಂಟ ಮೂರಕ್ಕೂ ತಾಗುವಂತೆ ಒಂದು ಕೋಲು ಹಿಡಿಸಿ ಬಾಗಿಸಬೇಕು, ಯಾವುದಾದರೂ ಒಂದು ಕಡೆ ಕೋಲು ಬಿಟ್ಟರೆ ತಪ್ಪು ಎಲ್ಲಿದೆ ಎಂದು ಆಕೆಗೇ ತಿಳಿಯುತ್ತದೆ. ಮೂರನೆಯದು ಎತ್ತರದ ಬೆಂಚಿನ ಮೇಲೆ ಕೈಯೂರಿ ಪುಷ್‌ಅಪ್. ಮನೆಯಲ್ಲಾದರೆ ಅಡುಗೆ ಕಟ್ಟೆ ನಡೆಯುತ್ತದೆ. ನಾಲ್ಕನೆಯದು ಒಂದು ಕೈಯ ಡಂಬೆಲ್ ರೋ, ಅಂದರೆ ಬೆಂಚಿಗೆ ಒಂದು ಕೈಯೂರಿ ಬಾಗಿ, ಇನ್ನೊಂದು ಕೈಯ ಡಂಬೆಲ್ಲನ್ನು ಪಕ್ಕೆಯ ಕಡೆ ಎಳೆಯುವುದು. ಐದನೆಯದು ಒಂದೇ ಕೈಯಲ್ಲಿ 10 ಕೆ.ಜಿ. ಹಿಡಿದು 20 ಮೀಟರ್ ನೆಟ್ಟಗೆ ನಡೆಯುವುದು, ಆಮೇಲೆ ಇನ್ನೊಂದು ಕೈ. ಕೊಡ ಹೊತ್ತವರಿಗೆ ಇದನ್ನು ಕಲಿಸಬೇಕಿಲ್ಲ, ಟೊಂಕವನ್ನು ಒಂದೇ ಕಡೆ ಬಾಗಿಸುವ ರೂಢಿಯನ್ನು ಬಿಡಿಸಬೇಕು.

ಮೊದಲ ನಾಲ್ಕಕ್ಕೂ 8ರಂತೆ 3 ಸೆಟ್, ನಡುವೆ ಎರಡು ನಿಮಿಷ ವಿಶ್ರಾಂತಿ. ಸೆಟ್ ಮುಗಿದಾಗ ಇನ್ನೂ ಎರಡು-ಮೂರು ಎತ್ತಬಲ್ಲೆ ಅನ್ನಿಸಬೇಕು. ಹತ್ತು ಎತ್ತಬಲ್ಲೆ ಅನ್ನಿಸಿದರೆ ಭಾರ ತೀರಾ ಹಗುರ. ಮೂರೂ ಸೆಟ್‌ನಲ್ಲಿ 12 ಬಂದ ದಿನ ಭಾರ ಏರಿಸಿ ಮತ್ತೆ 8ಕ್ಕೆ ಇಳಿಯಬೇಕು. ಡೆಡ್‌ಲಿಫ್ಟ್‌ನಲ್ಲಿ ಏರಿಕೆ ಬೇಗ: 10ರಿಂದ ಶುರುಮಾಡಿ ವಾರಕ್ಕೆ 2.5 ಕೆ.ಜಿ. ಕೂಡಿಸಿದರೆ 8 ವಾರಕ್ಕೆ 30, ಅಂದರೆ ಅಡುಗೆಮನೆಯ ಆ ಸಿಲಿಂಡರಿನಷ್ಟು. ಇದು ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಟ್ರೇನರ್ ದಿನಕ್ಕೊಂದು ಹೊಸ ವ್ಯಾಯಾಮ ಕೊಡುತ್ತಾನೆ, ಬೇಸರ ಬರಬಾರದು ಎಂದು. ನಿನ್ನೆ ಮಾಡಿದ್ದು ಇವತ್ತು ಇಲ್ಲದಿದ್ದರೆ ಏರಿದ್ದೇವೋ ಇಳಿದಿದ್ದೇವೋ ತಿಳಿಯುವ ಬಗೆ ಯಾವುದು? 100 ಪುಟದ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ವ್ಯಾಯಾಮ, ಭಾರ, ಎಣಿಕೆ ಬರೆಯಬೇಕು. ತಕ್ಕಡಿ ಹತ್ತುವುದಕ್ಕಿಂತ ಆ ಪುಟ ನಂಬಿಗಸ್ತ. ಮುಟ್ಟಿನ ಮುಂಚಿನ ದಿನಗಳಲ್ಲಿ ಮೈಯಲ್ಲಿ ನೀರು ನಿಂತು ತೂಕ ಒಂದು-ಎರಡು ಕೆ.ಜಿ. ಏರಬಹುದು. ಮೈಯ ಕೊಬ್ಬು ಅಳೆಯುವ ಯಂತ್ರಗಳು ಮೈಯೊಳಗೆ ಸಣ್ಣ ವಿದ್ಯುತ್ ಹರಿಸಿ ಲೆಕ್ಕ ಹಾಕುವುದರಿಂದ ಅವೂ ನೀರಿನ ಏರುಪೇರಿಗೆ ತಪ್ಪು ತೋರಿಸುತ್ತವೆ. ಆ ದಿನಗಳಲ್ಲಿ ಅಳೆದು "ಡಯಟ್ ಮುರಿದಿರಿ" ಎಂದು ಬೈಯುವುದು ಅನ್ಯಾಯ.

ಇನ್ನು "ಸ್ಟ್ಯಾಮಿನಾ ಇಲ್ಲ" ಎಂಬ ಮಾತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಲೇಡೀಸ್ ಬ್ಯಾಚಿನಲ್ಲಿ ಇಪ್ಪತ್ತು ಜನ ನಿಂತಿದ್ದರೆ ಅವರಲ್ಲಿ ಒಂಬತ್ತು-ಹತ್ತು ಮಂದಿಯ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿಯೇ ಕಡಿಮೆ ಇರಬಹುದು. ಮೆಟ್ಟಿಲು ಹತ್ತಿದರೆ ಏದುಸಿರು, ಎದ್ದು ನಿಂತರೆ ಕಣ್ಣು ಕತ್ತಲೆ, ಕೂದಲು ಉದುರುವುದು, ಇವೆಲ್ಲ ಸೋಮಾರಿತನದ ಲಕ್ಷಣಗಳಲ್ಲ. ಜಿಮ್ ಸೇರುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕು. ಗರ್ಭಿಣಿಯಲ್ಲದ ಹೆಂಗಸಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ, 8ಕ್ಕಿಂತ ಕಡಿಮೆ ತೀವ್ರ. 8ರ ಕೆಳಗಿದ್ದವಳಿಗೆ ಮೊದಲು ವೈದ್ಯರು, ಆಮೇಲೆ ಟ್ರೇನರ್. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗಿದರೆ ಅರ್ಧಕ್ಕರ್ಧ ವ್ಯರ್ಥ. ಚಹಾಕ್ಕೂ ಮಾತ್ರೆಗೂ ಕನಿಷ್ಠ ಒಂದು ತಾಸು ಅಂತರ ಇರಲಿ, ಊಟಕ್ಕೆ ಲಿಂಬೆ ಹಿಂಡಿಕೊಂಡರೆ ಕಾಳು, ಸೊಪ್ಪಿನ ಕಬ್ಬಿಣ ಹೆಚ್ಚು ಹಿಡಿಯುತ್ತದೆ.

ಈ ಸ್ಥಿತಿಯಲ್ಲಿರುವ ಹೆಣ್ಣುಮಗಳಿಗೆ "ರೊಟ್ಟಿ ಬಿಡ್ರಿ, ಎರಡು ಸೌತೆಕಾಯಿ ತಿನ್ರಿ" ಎಂಬ ಡಯಟ್ ಚೀಟಿ ಕೊಡುವುದು ಅಪಾಯ. ರೊಟ್ಟಿ ಬಿಡಿಸಬೇಕಿಲ್ಲ, ತಾಟಿನಲ್ಲಿ ಕಾಳು ಹೆಚ್ಚಿಸಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಷ್ಟ್ರೀಯ ಪೋಷಣೆ ಸಂಸ್ಥೆಯ (ಐಸಿಎಂಆರ್-ಎನ್‌ಐಎನ್) 2020ರ ಲೆಕ್ಕದಲ್ಲಿ ಮೈತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಭಾರ ಎತ್ತುವವರು 1.2 ಗ್ರಾಂವರೆಗಾದರೂ ಹೋಗುವುದು ಒಳ್ಳೆಯದು. 60 ಕೆ.ಜಿ.ಯವಳಿಗೆ ಅದು 72 ಗ್ರಾಂ. ಮೂರು ಜೋಳದ ರೊಟ್ಟಿಯಿಂದ ಸುಮಾರು 15 ಗ್ರಾಂ, ಒಣಗಿದ್ದಾಗ 50 ಗ್ರಾಂ ತೂಗುವ ಹೆಸರುಕಾಳಿನ ಪಲ್ಯದಿಂದ 12, ಒಂದು ಹಿಡಿ ಶೇಂಗಾದಿಂದ 7, ಒಂದು ಬಟ್ಟಲು ಮೊಸರಿನಿಂದ 6, ಒಂದು ಲೋಟ ಹಾಲಿನಿಂದ 6, ಎರಡು ಮೊಟ್ಟೆಯಿಂದ 12, 30 ಗ್ರಾಂ ಸೋಯಾ ಚಂಕ್ಸ್‌ನಿಂದ 15. ಕೂಡಿಸಿದರೆ 73. ಮೊಟ್ಟೆ ತಿನ್ನದವರು ಕಾಳಿನ ಪಾಲನ್ನು ಎರಡು ಪಟ್ಟು ಮಾಡಿಕೊಂಡರೆ ಆಯಿತು. ಡಬ್ಬಿಯ ಪುಡಿ ಇಲ್ಲದೆಯೂ ನಡೆಯುತ್ತದೆ. ಆದರೆ ಲೆಕ್ಕ ಕೆಡುವುದು ಬಡಿಸುವ ಹೊತ್ತಿಗೆ. ಎಲ್ಲರೂ ಉಂಡೆದ್ದ ಮೇಲೆ ಕೊನೆಗೆ ಕೂಡುವವಳ ತಾಟಿಗೆ ರೊಟ್ಟಿ ಉಳಿದಿರುತ್ತದೆ, ಪಲ್ಯದ ಪಾತ್ರೆಯ ತಳದಲ್ಲಿ ಬರೀ ರಸ. ಆಕೆಯ ಪಾಲಿನ ಕಾಳನ್ನು ಮೊದಲೇ ಒಂದು ಬಟ್ಟಲಿಗೆ ತೆಗೆದು ಮುಚ್ಚಿಡುವುದು ಯಾವ ಸಪ್ಲಿಮೆಂಟಿಗಿಂತಲೂ ದೊಡ್ಡ ಕೆಲಸ ಮಾಡುತ್ತದೆ.

ತೀರಾ ಕಡಿಮೆ ಉಂಡು ಹೆಚ್ಚು ಬೆವರಿಸಿದ್ದರಿಂದ ಮೂರು ತಿಂಗಳು ಮುಟ್ಟು ನಿಂತರೆ ಅದನ್ನು ಶಿಸ್ತಿನ ಫಲವೆಂದು ಯಾರೂ ಮೆಚ್ಚಬಾರದು. ಮೂಳೆ ಸವೆಯುತ್ತಿದೆ ಎಂಬ ಎಚ್ಚರಿಕೆ ಅದು, ವೈದ್ಯರ ಹತ್ತಿರ ಹೋಗಬೇಕು.

ಹೆರಿಗೆಯಾದವರ ವಿಷಯದಲ್ಲಿ ನಮ್ಮ ಜಿಮ್‌ಗಳು ಬಾಯಿ ಬಿಡುವುದೇ ಇಲ್ಲ. ಹಗ್ಗದಾಟ ಆಡುವಾಗ, ಜುಂಬಾದಲ್ಲಿ ಜಿಗಿದಾಗ ಎರಡು ಹನಿ ಮೂತ್ರ ಸೋರುತ್ತದೆ ಎಂದು ಹೇಳಿಕೊಳ್ಳಲಾಗದೆ ಎಷ್ಟೋ ಮಂದಿ ಕ್ಲಾಸೇ ಬಿಡುತ್ತಾರೆ. ಸೋರುವುದು ಸಾಮಾನ್ಯ, ಆದರೆ ಸಹಿಸಿಕೊಂಡೇ ಇರಬೇಕಾದದ್ದಲ್ಲ. ಮೂತ್ರ ತಡೆಹಿಡಿಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಒಂದು ಸಲಕ್ಕೆ ಕನಿಷ್ಠ 8ರಂತೆ ದಿನಕ್ಕೆ ಮೂರು ಹೊತ್ತು, ಮೂರು ತಿಂಗಳು ಬಿಡದೆ ಮಾಡಿದರೆ ಹೆಚ್ಚಿನವರಿಗೆ ಗುಣ ಕಾಣುತ್ತದೆ. ಅಲ್ಲಿಯವರೆಗೆ ಜಿಗಿತ ಬಿಟ್ಟು ಸ್ಕ್ವಾಟ್, ನಡಿಗೆ ಸಾಕು. ಮಲಗಿ ತಲೆ ತುಸು ಎತ್ತಿದಾಗ ಹೊಕ್ಕುಳಿನ ಬಳಿ ಎರಡು ಬೆರಳಿಗಿಂತ ಅಗಲದ ಸೀಳು ಕೈಗೆ ಸಿಕ್ಕರೆ ಕ್ರಂಚ್ ಬೇಡ, ಫಿಸಿಯೋಥೆರಪಿಸ್ಟರಿಗೆ ತೋರಿಸಬೇಕು. ಸಿಸೇರಿಯನ್ ಆದವರು ವೈದ್ಯರ ಮಾತು ಕೇಳದೆ ಭಾರ ಮುಟ್ಟಬಾರದು.

ವೇಳಾಪಟ್ಟಿಯೂ ಒಂದು ರಾಜಕೀಯವೇ. ಲೇಡೀಸ್ ಬ್ಯಾಚ್ ಹೆಚ್ಚಾಗಿ ಮುಂಜಾನೆ 10ರ ಮೇಲೆ ಅಥವಾ ಮಧ್ಯಾಹ್ನ, ಅಂದರೆ ಗಂಡಸರು ಬಾರದ ಹೊತ್ತಿನಲ್ಲಿ. ಆ ಹೊತ್ತಿಗೆ ಶಾಲೆಯ ಶಿಕ್ಷಕಿ, ಆಸ್ಪತ್ರೆಯ ನರ್ಸ್, ಅಂಗಡಿಯಲ್ಲಿ ನಿಲ್ಲುವ ಹುಡುಗಿ ಯಾರೂ ಬರಲಾರರು. ಸಂಜೆ 6ರಿಂದ 8ರವರೆಗೆ ಜಿಮ್‌ನ ಕಾಲುಭಾಗವನ್ನಾದರೂ, ಬಾರ್ಬೆಲ್ ಇಡುವ ಸ್ಕ್ವಾಟ್ ರ‍್ಯಾಕ್ ಒಂದನ್ನೂ ಸೇರಿಸಿ, ಹೆಣ್ಣುಮಕ್ಕಳಿಗೆಂದು ಬಿಟ್ಟುಕೊಟ್ಟರೆ ದುಡಿಯುವವರು ಬರುತ್ತಾರೆ. ಮಹಿಳಾ ಟ್ರೇನರ್‌ಗಳು ಕಡಿಮೆ ಇರುವುದಕ್ಕೂ ಈ ವೇಳೆಯೇ ಕಾರಣ: ನಸುಕಿನ 5ರಿಂದ 9, ಸಂಜೆ 5ರಿಂದ 9 ಎಂದು ದಿನವನ್ನು ಎರಡು ತುಂಡು ಮಾಡುವ ಕೆಲಸ ಮನೆ ನಡೆಸುವವಳಿಗೆ ಆಗುವುದಿಲ್ಲ. ಒಂದೇ ಹೊತ್ತಿನ ಪಾಳಿ ಇಟ್ಟು ಸಂಬಳ ಕೊಟ್ಟರೆ ದೈಹಿಕ ಶಿಕ್ಷಣ ಓದಿದ ಹುಡುಗಿಯರು ಧಾರವಾಡದಲ್ಲೇ ಇದ್ದಾರೆ.

ಗಂಡು ಟ್ರೇನರ್ ಇದ್ದರೂ ಮುಟ್ಟದೆ ಕಲಿಸಬಹುದು: ಮೊದಲು ತಾನು ಮಾಡಿ ತೋರಿಸಿ, ಆಮೇಲೆ ಬಾಯಿಂದ ಹೇಳಿ, ಬೇಕಾದರೆ ಕೋಲಿನಿಂದ ತೋರಿಸಿ. ಮುಟ್ಟಲೇಬೇಕಾದರೆ "ಅಕ್ಕಾರ, ಬೆನ್ನಿಗೆ ಕೈ ಹಚ್ಚಲೇನ್ರಿ?" ಎಂದು ಕೇಳಿ, ಹೂಂ ಎಂದ ಮೇಲೆ. ಕೇಳದೆ ಮುಟ್ಟಿದರೆ, ಅಸಹ್ಯ ಮಾತಾಡಿದರೆ ಕಾನೂನಿನ ದಾರಿ ಇದೆ, ಅದು ಬಹಳ ಜನರಿಗೆ ತಿಳಿದಿಲ್ಲ. 2013ರ ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆ ಕಾಯ್ದೆಯು ಕೆಲಸದ ಸ್ಥಳ ಎಂಬುದರೊಳಗೆ ಖಾಸಗಿ ವಾಣಿಜ್ಯ ಸಂಸ್ಥೆಗಳನ್ನೂ ಕ್ರೀಡಾ ಸಂಸ್ಥೆಗಳನ್ನೂ ಸೇರಿಸಿದೆ, ದೂರು ಕೊಡುವವಳು ಅಲ್ಲಿನ ನೌಕರಳೇ ಆಗಿರಬೇಕೆಂದಿಲ್ಲ. 10 ಅಥವಾ ಹೆಚ್ಚು ನೌಕರರಿದ್ದ ಕಡೆ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಕಡಿಮೆಯಿದ್ದರೆ ಅಥವಾ ದೂರು ಮಾಲೀಕನ ಮೇಲೆಯೇ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಬರೆದುಕೊಡಬೇಕು, ಘಟನೆಯಾದ ಮೂರು ತಿಂಗಳೊಳಗೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಕದ್ದು ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನ ಅಪರಾಧ. ತುರ್ತಿಗೆ 112, ಮಹಿಳಾ ಸಹಾಯವಾಣಿ 181.

ವರ್ಷದ ಫೀ ಕಟ್ಟುವ ಮುಂಚೆ ಒಂದು ದಿನದ ಟ್ರಯಲ್ ಕೇಳಿ, ಅದೂ ಸಂಜೆ 7ಕ್ಕೆ, ಗದ್ದಲ ಇದ್ದಾಗ. ಬಟ್ಟೆ ಬದಲಿಸುವ ಕೋಣೆಗೆ ಒಳಗಿನಿಂದ ಚಿಲಕ ಇದೆಯೇ, ಕ್ಯಾಮೆರಾ ಯಾವ ಕಡೆ ಮುಖ ಮಾಡಿದೆ ನೋಡಿ. ಹೆಣ್ಣುಮಗಳೊಬ್ಬಳು ಸ್ಕ್ವಾಟ್ ರ‍್ಯಾಕ್ ಬಳಿ ನಿಂತಾಗ ಟ್ರೇನರ್ ಆಕೆಗೆ ಏನು ಹೇಳುತ್ತಾನೆ ಕೇಳಿಸಿಕೊಳ್ಳಿ. ಆಮೇಲೆ ಕೌಂಟರಿನಲ್ಲಿ ಎರಡೇ ಪ್ರಶ್ನೆ: ಅರ್ಧ ಕೆ.ಜಿ.ಯ ಪ್ಲೇಟ್ ಇದೆಯೇ? ಇಲ್ಲಿ ಹೆಣ್ಣುಮಕ್ಕಳು ಹೆಚ್ಚೆಂದರೆ ಎಷ್ಟು ಡೆಡ್‌ಲಿಫ್ಟ್ ಮಾಡುತ್ತಾರೆ? ಎರಡನೆಯದಕ್ಕೆ ಕೆ.ಜಿ.ಯಲ್ಲಿ ಉತ್ತರ ಬಂದರೆ ಅಲ್ಲೇ ಸೇರಿ.